ಮೊದಲ ಗುಟುಕು ಸೋಮಮ್ಮನದು

ಬಿಂಡಿಗನವಿಲೆಯ ಸೋಮಮ್ಮನಿಗೆ ನಯವಾಗಿ ಮಾತಾಡಲು ಬರುತ್ತಿರಲಿಲ್ಲ. ಬರಬೇಕು ಅಂತ ಅವಳಿಗೆ ಯಾವತ್ತೂ ಅನ್ನಿಸಿರಲೂ ಇಲ್ಲ. ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದವರನ್ನು ಮೊದಲು ಬಯ್ಯುತ್ತಿದ್ದಳು, ಆಮೇಲೆ ನಾಲಿಗೆ ಚಾಚಿಸಿ ನೋಡುತ್ತಿದ್ದಳು, ನೋಡಿದ ಮೇಲೆ ಇನ್ನೊಂದು ಸುತ್ತು ಬಯ್ಯುತ್ತಿದ್ದಳು. "ಕಂಡಕಂಡ ಬೇಕ್ರೀಲೆಲ್ಲ ತಿಂದ್ಬುಟ್ಟು ಈಗ ನನ್ನತ್ರ ಬಂದಿದ್ದೀಯಾ? ಅದೇನು ಒಟ್ಟೆಯಾ, ಕಲಗಚ್ಚಿನ ಬಾನಿಯಾ?" ಎನ್ನುವಳು. ಅವಳಿಂದ ಬೈಸಿಕೊಳ್ಳದೆ ಹೊಟ್ಟೆನೋವು ಹೋಗುವುದಿಲ್ಲ ಅಂತಲೇ ಸುತ್ತಲ ಹತ್ತು ಹಳ್ಳಿಯವರು ನಂಬಿದ್ದರು. ನಾಗಮಂಗಲದಿಂದ ಬರುವ ಮೊದಲ ಬಸ್ಸಿನಲ್ಲಿ ವಾರಕ್ಕೆ ನಾಲ್ಕು ಜನವಾದರೂ ಅವಳ ಮನೆ ಕೇಳಿಕೊಂಡು ಇಳಿಯುತ್ತಿದ್ದರು.

ಅವಳ ಔಷಧಿಯಲ್ಲಿ ಗುಟ್ಟೇನೂ ಇರಲಿಲ್ಲ. ಹಿತ್ತಲಿನ ದೊಡ್ಡಪತ್ರೆ ಎಲೆಯನ್ನು ಬಾಡಿಸಿ ಹಿಂಡಿದ ರಸ, ಹುರಿದು ಪುಡಿ ಮಾಡಿದ ಓಮ, ಒಣಗಿದ ದಾಳಿಂಬೆ ಸಿಪ್ಪೆ ಕುದಿಸಿದ ನೀರು, ಎಲ್ಲ ಬೆರೆಸಿ ಅರ್ಧ ಲೋಟ ಕಹಿ. ಅದು ಇಳಿದ ಮೇಲೆ, ಹಿಂದಿನ ದಿನ ನೆನೆಹಾಕಿದ ಮೆಂತ್ಯವನ್ನು ನುಣ್ಣಗೆ ಅರೆದು, ಬೆಣ್ಣೆ ತೆಗೆದ ಮಜ್ಜಿಗೆಗೆ ಕದಡಿ ಇನ್ನೊಂದು ಲೋಟ. "ಮೊದಲ್ನೇದು ಕಸ ಗುಡಿಸಾಕೆ, ಎರಡ್ನೇದು ಸಾರಿಸಾಕೆ" ಅಂತ ಅವಳ ವಿವರಣೆ. ನಾಲಿಗೆಯ ಮೇಲೆ ಬೆಳ್ಳಗೆ ಪದರ ಕಟ್ಟಿ, ಹೊಟ್ಟೆ ಉಬ್ಬರಿಸಿ, ಒಳಗೆಲ್ಲ ಉರಿಯುತ್ತಿದ್ದರೆ ಕರುಳಿಗೆ ಬೂಷ್ಟು ಹಿಡಿದಿದೆ ಅಂತ ಅರ್ಥ. ಹಳೆಯ ಹಿಟ್ಟಿನ ಮೇಲೆ ಬೆಳೆಯುತ್ತದಲ್ಲ, ಅದೇ ಬೂಷ್ಟು. ಅದಕ್ಕೆ ಸಿಹಿ ಕಂಡರೆ ಪಂಚಪ್ರಾಣ. ಹಾಗಾಗಿ ಇಪ್ಪತ್ತೊಂದು ದಿನ ಬೆಲ್ಲ, ಸಕ್ಕರೆ, ಬಾಳೆಹಣ್ಣು, ಬನ್ನು ಯಾವುದೂ ನಾಲಿಗೆಗೆ ಸೋಕುವ ಹಾಗಿಲ್ಲ. ಕಬ್ಬಿನ ಸೀಮೆಯ ಜನಕ್ಕೆ ಬೆಲ್ಲ ಬಿಡು ಅಂದರೆ ಸಿಟ್ಟು ಬರುತ್ತದೆ. ಬಂದರೆ ಬರಲಿ, ಸೋಮಮ್ಮನಿಗೇನು? "ಬೆಲ್ಲ ಬೇಕಾದ್ರೆ ಆಲೆಮನೆಗೋಗು, ನನ್ನ ಜಗಲಿ ಯಾಕೆ ಸವೆಸ್ತೀಯಾ?" ಎಂದು ಎದ್ದು ಒಳಗೆ ಹೋಗುತ್ತಿದ್ದಳು. ಕಾಸು ಮಾತ್ರ ಯಾರಿಂದಲೂ ಮುಟ್ಟುತ್ತಿರಲಿಲ್ಲ, ಕೈಗುಣ ಹೋಗುತ್ತದೆ ಅಂತ. ಗುಣವಾದವರು ಎಲೆ ಅಡಿಕೆ ತಂದು ಕೊಟ್ಟು ಹೋಗಬೇಕು, ಅಷ್ಟೆ.

ಈ ವಿದ್ಯೆ ಅವಳ ಅತ್ತೆಯದು. ಕೆ.ಆರ್.ಪೇಟೆ ಕಡೆಯಿಂದ ಕಿರಿ ಸೊಸೆಯಾಗಿ ಬಂದಾಗ ಸೋಮಮ್ಮನಿಗೆ ಹತ್ತೊಂಬತ್ತು. ಹಿರಿ ಸೊಸೆ ಚಿಕ್ಕಬೋರಮ್ಮ ಅಷ್ಟರಲ್ಲಾಗಲೇ ಆರು ವರ್ಷದಿಂದ ಆ ಮನೆ ಆಳುತ್ತಿದ್ದಳು. ಸೊಪ್ಪು ಅರೆಯುವುದೆಂದರೆ ಚಿಕ್ಕಬೋರಮ್ಮನಿಗೆ ಮೂಗು ಮುರಿಯುವಷ್ಟು ಅಸಹ್ಯ. ಸೋಮಮ್ಮ ಅತ್ತೆಯ ಹಿಂದೆ ಬೇಲಿ ಬೇಲಿ ಸುತ್ತಿದಳು. ಅತ್ತೆ ಸಾಯುವ ಮುಂಚೆ ಹಿರಿ ಸೊಸೆಯ ಕೈಗೆ ಬೀಗದ ಕೈ ಕೊಟ್ಟಳು, ಕಿರಿ ಸೊಸೆಯ ಕೈಗೆ ಸೊಪ್ಪು ಕುಟ್ಟುವ ಕಲ್ಬತ್ತು ಕೊಟ್ಟಳು. ಬೀಗ ತೆಗೆದು ನೋಡಿದರೆ ಪೆಟ್ಟಿಗೆಯಲ್ಲಿ ಎರಡು ಹಳೆ ಸೀರೆ ಬಿಟ್ಟು ಏನೂ ಇರಲಿಲ್ಲ. ಕಲ್ಬತ್ತಿನ ಮುಂದೆ ಮಾತ್ರ ಊರು ಸಾಲು ನಿಂತಿತು. ಇಪ್ಪತ್ತೈದು ವರ್ಷದ ಹಿಂದಿನ ಆ ಹೊಟ್ಟೆಕಿಚ್ಚು ಚಿಕ್ಕಬೋರಮ್ಮನಲ್ಲಿ ಒಂದು ದಿನವೂ ಆರಿರಲಿಲ್ಲ. ಮನೆ ಭಾಗವಾಗಿ ನಡುವೆ ಗೋಡೆ ಎದ್ದಿತು. ಚಿಕ್ಕಬೋರಮ್ಮನ ಗಂಡ ತೀರಿಕೊಂಡ. ಸೋಮಮ್ಮನ ಗಂಡ ಪುಟ್ಟಸ್ವಾಮಿ ಈ ಹೆಂಗಸರ ಬಾಯಿಗೆ ಹೆದರಿ ಬೆಳಿಗ್ಗೆಯೇ ಕುರಿ ಹೊಡೆದುಕೊಂಡು ಹೋದರೆ ಬೈಗಿಗೇ ಮನೆ ಸೇರುವುದು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಸುಳ್ಳು. ಈ ಓರಗಿತ್ತಿಯರಿಬ್ಬರಿಗೂ ಮಾತು ಚೆನ್ನಾಗಿಯೇ ಗೊತ್ತಿತ್ತು.

ಗೋಡೆಯಾಚೆಯಿಂದ ಈಚೆಗೆ ಬರುತ್ತಿದ್ದವನು ಚಿಕ್ಕಬೋರಮ್ಮನ ಮಗ ಲೋಕೇಶ್ ಒಬ್ಬನೇ. ಗೂಡ್ಸ್ ಆಟೋ ಓಡಿಸುತ್ತಿದ್ದ, ಮೂವತ್ತರ ಆಸುಪಾಸು. ವರ್ಷಕ್ಕೊಮ್ಮೆ ಪಿತೃಪಕ್ಷದ ದಿನ ಅಜ್ಜಿಯ ಎಡೆಗೆ ಕೈಮುಗಿದು, ಚಿಕ್ಕವ್ವನ ಮನೆಯಲ್ಲಿ ಉಂಡು ಹೋಗುವುದು ಅವನ ರೂಢಿ. ಹೋದ ಪಕ್ಷಕ್ಕೂ ಬಂದಿದ್ದ, ಎರಡು ಕಜ್ಜಾಯ ಕೇಳಿ ಹಾಕಿಸಿಕೊಂಡಿದ್ದ.

ಅದಾದ ತಿಂಗಳಿಗೆ ಅವನಿಗೆ ಹಲ್ಲುನೋವು ಬಂತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಮಾತ್ರೆ ನುಂಗಿದ. ಕೆಮ್ಮು ಬಂತು, ಅದಕ್ಕೂ ಅದೇ ಬಣ್ಣದ ಮಾತ್ರೆ ತಂದ. ಹೊಟ್ಟೆ ಕೆಟ್ಟಿತು, ಅದಕ್ಕೂ ಇನ್ನೊಂದು ಪಟ್ಟಿ ಮಾತ್ರೆ. ಯಾವ ಡಾಕ್ಟರ ಮುಖವನ್ನೂ ನೋಡಲಿಲ್ಲ. ಮೂರು ತಿಂಗಳಲ್ಲಿ ಮುದ್ದೆ ಉಣ್ಣುವ ಗಂಡು ಗಂಜಿ ಕುಡಿಯುವ ಹಾಗಾದ. ಉಂಡದ್ದು ನಿಲ್ಲದು, ಹೊಟ್ಟೆ ತಮಟೆಯಂತೆ ಬಿಗಿಯುತ್ತಿತ್ತು, ನಾಲಿಗೆ ಸುಣ್ಣ ಬಳಿದಷ್ಟು ಬಿಳಿ.

ಇಷ್ಟು ಸಾಕಾಯಿತು ಚಿಕ್ಕಬೋರಮ್ಮನಿಗೆ. ಬೆಳಿಗ್ಗೆ ಹಾಲಿನ ಡೈರಿ ಮುಂದೆ ಊರೆಲ್ಲ ಕ್ಯಾನು ಹಿಡಿದು ನಿಂತಿರುವಾಗ ಬಾಯಿ ಬಡಿದುಕೊಂಡಳು: "ನನ್ನ ಮಗನ್ಗೆ ಕೈಮದ್ದು ಇಕ್ಕವ್ಳೆ ಕಣ್ರಪ್ಪಾ! ಪಕ್ಷದ ದಿನ ಕಜ್ಜಾಯದಲ್ಲಿ ಇಕ್ಕವ್ಳೆ, ಆ ಸೋಮಿ!"

ಕೈಮದ್ದು ಅಂದರೆ ಈ ಕಡೆ ನಗುವ ಮಾತಲ್ಲ. ಆಗದವರು ಊಟದಲ್ಲಿ ಏನೋ ಬೆರೆಸಿ ಕೊಡುತ್ತಾರೆ, ಅದು ಕರುಳಿಗೆ ಅಂಟಿಕೊಂಡು ಒಳಗೊಳಗೇ ಬೆಳೆಯುತ್ತದೆ, ಉಂಡವನು ಸೊರಗಿ ಸೊರಗಿ ಸಾಯುತ್ತಾನೆ ಅನ್ನುವ ನಂಬಿಕೆ. ಕಂಡವರಿಲ್ಲ, ನಂಬದವರೂ ಇಲ್ಲ. ಮದ್ದಿಕ್ಕುವ ಮನೆ ಅಂತ ಒಂದು ಮನೆಗೆ ಹೆಸರು ಬಿದ್ದರೆ ಅಲ್ಲಿಗೆ ಹೋದವರು ನೀರೂ ಮುಟ್ಟುವುದಿಲ್ಲ. ಆ ಹೆಸರು ಆ ಮನೆಯ ಮೊಮ್ಮಕ್ಕಳವರೆಗೂ ನಡೆಯುತ್ತದೆ.

ಸೋಮಮ್ಮ ಅದೇ ಸಾಲಿನಲ್ಲಿ ನಿಂತಿದ್ದಳು. "ನಿನ್ನ ನಾಲಿಗೆ ಸೇದೋಗಾ! ನಿನ್ನ ಮಗನ್ಗೆ ಇಕ್ಕಿ ನಾನೇನು ನಿನ್ನ ತಗಡಿನ ಮನೆ ಬರೆಸ್ಕೋಬೇಕಿತ್ತಾ?" ಅಂತ ಎಗರಿದಳು. ಇಬ್ಬರೂ ಕ್ಯಾನು ಎತ್ತಿಕೊಂಡರು. ಡೈರಿಯ ಸೆಕ್ರೆಟರಿ ಚೌಡಯ್ಯ ನಡುವೆ ಬಂದು ಬಿಡಿಸಿದ, ಅವನ ಅಂಗಿಯೆಲ್ಲ ಹಾಲಾಯಿತು.

ಜಗಳದಲ್ಲಿ ಸೋಮಮ್ಮ ಸೋಲಲಿಲ್ಲ. ಆದರೆ ಮಾರನೇ ದಿನದಿಂದ ಹೆಪ್ಪು ಕೇಳಲು ಯಾರೂ ಬರಲಿಲ್ಲ. ಎದುರು ಮನೆಯವಳು ಹಿಂದಿನ ದಿನ ಒಯ್ದಿದ್ದ ಹೆಪ್ಪಿನ ಮೊಸರನ್ನು ತಿಪ್ಪೆಗೆ ಸುರಿದದ್ದನ್ನು ಸೋಮಮ್ಮ ಕಣ್ಣಾರೆ ಕಂಡಳು. ಬೀದಿಯ ಕೊನೆಯ ಮನೆಯ ಬೀಗರೂಟದಲ್ಲಿ ಬಡಿಸಲು ಸೌಟು ಹಿಡಿದರೆ, ಯಾರೋ "ನೀನು ಕೂತ್ಕೋ ಸೋಮಕ್ಕ, ದಣಿದಿದ್ದೀಯಾ" ಅಂತ ಸೌಟು ಕಿತ್ತುಕೊಂಡರು. ಅವಳು ದಣಿದಿರಲಿಲ್ಲ. ಬಸ್ಸಿನಿಂದ ಇಳಿಯುವವರು ನಿಂತುಹೋದರು. ಹಿತ್ತಲಲ್ಲಿ ದೊಡ್ಡಪತ್ರೆ ಕೊಯ್ಯುವವರಿಲ್ಲದೆ ಹಬ್ಬಿತು. ಬಯ್ಯಲು ಒಬ್ಬರೂ ಇಲ್ಲದೆ ಅವಳು ಗಂಡನನ್ನೇ ಬಯ್ದಳು, ಅವನು ಕುರಿಗಳನ್ನು ಅರ್ಧ ಗಂಟೆ ಮುಂಚೆ ಹೊರಡಿಸಲು ಶುರು ಮಾಡಿದ. ಇಪ್ಪತ್ತೈದು ವರ್ಷ ಈ ಊರಿನ ಹೊಟ್ಟೆ ತೊಳೆದ ಕೈ ಇದು. ಈ ಕೈಯಿಂದ ಇನ್ನೊಬ್ಬರು ಉಣ್ಣದಿದ್ದರೆ ತಾನು ಬದುಕಿ ಏನು ಅಂತ ಅವಳು ಕಲ್ಬತ್ತಿನ ಮುಂದೆ ಕೂತು ಗೊಣಗುತ್ತಿದ್ದಳು.

ಅತ್ತ ಚಿಕ್ಕಬೋರಮ್ಮ ಮಗನನ್ನು ಕಿಕ್ಕೇರಿ ಕಡೆಯ ಕುಳ್ಳಯ್ಯನ ಹತ್ತಿರ ಕರೆದೊಯ್ದಳು. ಕೈಮದ್ದು ತೆಗೆಯುವುದೇ ಈ ಕುಳ್ಳಯ್ಯನ ಕಸುಬು. ಏನೋ ಬೇರಿನ ಪುಡಿಯನ್ನು ಬೆಲ್ಲದುಂಡೆಯಲ್ಲಿ ಹುದುಗಿಸಿ ನುಂಗಿಸುತ್ತಿದ್ದ. ವಾಂತಿಯಾದ ಮೇಲೆ ಅದರಿಂದ ಕರಿಯ ಗಂಟೊಂದನ್ನು ಕಡ್ಡಿಯಲ್ಲಿ ಎತ್ತಿ ತೋರಿಸಿ, "ಇನ್ನೂ ಬೇರು ಒಳಗೇ ಅದೆ, ಮುಂದಿನ ಭಾನುವಾರ ಬನ್ನಿ" ಅನ್ನುತ್ತಿದ್ದ. ಶಕ್ತಿಗೆ ಅಂತ ದಿನಕ್ಕೆರಡು ಉಂಡೆ ಬೆಲ್ಲ, ನಾಲ್ಕು ಬಾಳೆಹಣ್ಣು ತಿನ್ನಲು ಹೇಳಿದ. ಹೊಟ್ಟೆಯೊಳಗಿನ ಬೂಷ್ಟಿಗೆ ಹಬ್ಬವೋ ಹಬ್ಬ. ಮೂರು ಭಾನುವಾರ ಕಳೆಯುವಷ್ಟರಲ್ಲಿ ಲೋಕೇಶ್ ಗೋಡೆ ಹಿಡಿದು ನಡೆಯುವಂತಾದ.

ನಾಲ್ಕನೇ ಭಾನುವಾರ ಅವನು ಕಿಕ್ಕೇರಿಗೆ ಹೋಗಲಿಲ್ಲ. ಅವ್ವ ಕೊಟ್ಟಿಗೆಯಲ್ಲಿದ್ದಾಗ ಹಿತ್ತಲಿನಿಂದ ಬಂದು ಸೋಮಮ್ಮನ ಜಗಲಿಯ ಮೇಲೆ ಕುಸಿದ.

"ಚಿಕ್ಕವ್ವ, ಸಾಯ್ತಾ ಇವ್ನಿ."

"ಸಾಯಿ. ಮದ್ದು ಇಕ್ಕಿದೋಳ ಮನೆ ಮುಂದೇನೇ ಸಾಯಿ, ನಿಮ್ಮವ್ವನ್ಗೆ ಇನ್ನೂ ಚೆಂದಾಯ್ತದೆ" ಅಂದಳು. ಅನ್ನುತ್ತಲೇ ಅವನ ಗಲ್ಲ ಹಿಡಿದೆತ್ತಿದಳು. "ನಾಲಿಗೆ ಚಾಚ್ಲಾ."

ನೋಡಿದವಳ ಮುಖ ಗಟ್ಟಿಯಾಯಿತು. ಬೂಷ್ಟು ಗಂಟಲಿನವರೆಗೆ ಇಳಿದಿತ್ತು. ಬರೀ ದೊಡ್ಡಪತ್ರೆಯ ಕೈಲಿ ಆಗುವ ಕೆಲಸ ಇದಲ್ಲ ಅಂತ ಅವಳಿಗೆ ತಿಳಿಯಿತು. ಇನ್ನೊಂದೂ ಹೊಳೆಯಿತು. ಡಾಕ್ಟರು ಕಾಗದದ ಮೇಲೆ ಬರೆದುಕೊಟ್ಟರೆ ಕೈಮದ್ದಿನ ಕತೆ ಅಲ್ಲಿಗೆ ಮುಗಿಯುತ್ತದೆ. ಲೋಕೇಶನ ಮೇಲೆ ಅವಳಿಗೆ ಮರುಕವಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಆ ಹೊತ್ತು ಅವನನ್ನು ಬಸ್ಸಿಗೆ ಹತ್ತಿಸಿದ್ದು ಮರುಕವಲ್ಲ, ಛಲ.

ನಾಗಮಂಗಲದ ಪ್ರಮೀಳಾ ಡಾಕ್ಟರು ಹೊಟ್ಟೆ ಅಮುಕಿ, ನಾಲಿಗೆ ಕೆರೆದು, ರಕ್ತ ಮಲ ಎಲ್ಲ ಪರೀಕ್ಷೆ ಮಾಡಿಸಿ ಲೋಕೇಶನಿಗೆ ಚೆನ್ನಾಗಿ ಬಯ್ದರು. ಅವರು ಬಯ್ಯುವ ರೀತಿ ನೋಡಿ ಸೋಮಮ್ಮನಿಗೆ ಅವರ ಮೇಲೆ ಗೌರವ ಹುಟ್ಟಿತು. "ಕೇಳೋರಿಲ್ಲದೆ ಆಂಟಿಬಯೋಟಿಕ್ ನುಂಗಿದ್ದೀರಿ. ಹೊಟ್ಟೆಯಲ್ಲಿ ಇರಬೇಕಾದ ಒಳ್ಳೆ ಜೀವಾಣುಗಳೆಲ್ಲ ಸತ್ತು ಫಂಗಸ್ ಬೆಳೆದಿದೆ. ಕರುಳು ಊದಿಕೊಂಡಿದೆ" ಅಂದರು. ಮಾತ್ರೆ ಬರೆದರು, ಸಿಹಿ ಬಿಡಲು ಹೇಳಿದರು. ಸೋಮಮ್ಮ ತನ್ನ ಕಷಾಯದ ವಿಷಯ ಎತ್ತಿದಾಗ ಏನೇನು ಹಾಕುತ್ತೀರಿ ಅಂತ ಒಂದೊಂದಾಗಿ ಕೇಳಿದರು. "ಮೆಂತ್ಯದ ಮಜ್ಜಿಗೆ ಕೊಡಿ. ಕಹಿ ಸ್ವಲ್ಪವೇ ಇರಲಿ, ಉರಿ ಹೆಚ್ಚಾದರೆ ನಿಲ್ಲಿಸಿ. ನನ್ನ ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು" ಅಂದರು.

ಮಾರನೇ ಬೆಳಿಗ್ಗೆ ಸೋಮಮ್ಮ ಆ ಕಾಗದ ಹಿಡಿದು ಡೈರಿಯ ಮುಂದೆ ನಿಂತಳು. "ಓದು ಚೌಡಣ್ಣ, ಊರಿಗೆಲ್ಲ ಕೇಳಂಗೆ ಓದು" ಅಂದಳು. ಚೌಡಯ್ಯ ಇಂಗ್ಲಿಷಿನಲ್ಲಿದ್ದದ್ದನ್ನು ತಡವರಿಸುತ್ತಾ ಕನ್ನಡ ಮಾಡಿದ: "ಕರುಳಲ್ಲಿ ಊತ. ಒಟ್ಟೆ ಒಳಗೆ ಫಂಗಸ್, ಅಂದ್ರೆ ಬೂಷ್ಟು, ವಿಪರೀತ ಬೆಳೆದದೆ."

ಸೋಮಮ್ಮ ಸೊಂಟದ ಮೇಲೆ ಕೈಯಿಟ್ಟು ಓರಗಿತ್ತಿಯ ಕಡೆ ತಿರುಗಿದಳು.

ಚಿಕ್ಕಬೋರಮ್ಮ ಕ್ಯಾನು ಕೆಳಗಿಟ್ಟು ಎರಡೂ ಕೈ ಮೇಲೆತ್ತಿದಳು. "ಕೇಳಿದ್ರಾ? ಡಾಕ್ಟ್ರೇ ಬರೆದ್ಕೊಟ್ಟವ್ರೆ! ಒಟ್ಟೆ ಒಳಗೆ ಬೆಳೆದದೆ ಅಂತ! ನಾನು ಯೋಳಿದ್ದೂ ಅದೇ ಅಲ್ವಾ? ಬಿತ್ತಿದೋರಿಲ್ದೆ ಅದು ಎಂಗೆ ಬೆಳೀತು?"

ಜನ ತಲೆದೂಗಿದರು. ಊರು ಅಂದರೆ ಹೀಗೆ. ಬ್ರಹ್ಮನೇ ಬರೆದುಕೊಟ್ಟರೂ ಅದು ತನಗೆ ಬೇಕಾದ ಹಾಗೇ ಓದಿಕೊಳ್ಳುತ್ತದೆ. ಸೋಮಮ್ಮ ಕಾಗದ ಮಡಿಚಿ ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದಳು, ಆ ದಿನ ಒಲೆ ಹಚ್ಚಲಿಲ್ಲ.

ಸಂಜೆಗೆ ಲೋಕೇಶ್ ಬಂದ. "ಮಾತ್ರೆ ನುಂಗ್ತಾ ಇವ್ನಿ. ನಿನ್ನ ಕಷಾಯಾನೂ ಕೊಡು. ಹಿತ್ಲಿಂದ ಬತ್ತೀನಿ, ಯಾರ್ಗೂ ಗೊತ್ತಾಗಕಿಲ್ಲ."

"ಕದ್ದು ಕುಡಿಯಾಕೆ ಇದೇನು ಸಾರಾಯಿಯಾ?" ಅಂದಳು ಸೋಮಮ್ಮ. "ಕುಡಿಯಂಗಿದ್ರೆ ಡೈರಿ ಮುಂದೆ ಕುಡಿ. ಮೊದ್ಲು ನಾನು ಕುಡೀತೀನಿ, ಅದೇ ಲೋಟದಲ್ಲಿ ನೀನು ಕುಡಿ. ಮದ್ದಿದ್ರೆ ನಾನೂ ಸಾಯ್ತೀನಿ."

ಹಾಗೇ ಆಯಿತು. ಬೆಳಿಗ್ಗೆ ಆರೂವರೆಗೆ, ಕ್ಯಾನುಗಳ ಸಾಲು ಉದ್ದವಾಗಿರುವಾಗ, ಸೋಮಮ್ಮ ಎರಡು ಲೋಟ ಹಿಡಿದು ಡೈರಿಯ ಕಟ್ಟೆಯ ಮೇಲೆ ನಿಂತಳು. ಕಹಿಯಲ್ಲಿ ಒಂದು ಗುಟುಕು, ಮಜ್ಜಿಗೆಯಲ್ಲಿ ಒಂದು ಗುಟುಕು ಎಲ್ಲರಿಗೂ ಕಾಣುವ ಹಾಗೆ ನುಂಗಿ, ಬಾಯಿ ಅಗಲ ತೆರೆದು ತೋರಿಸಿದಳು. ಚಿಕ್ಕಬೋರಮ್ಮ ಓಡಿ ಬಂದು ಲೋಟಕ್ಕೆ ಕೈ ಹಾಕಿದಳು. ಲೋಕೇಶ್ ಅವ್ವನ ಕೈ ಹಿಡಿದುಕೊಂಡ. "ಸುಮ್ನಿರವ್ವ! ನಿನ್ನ ಕುಳ್ಳಯ್ಯ ಒಂದಿನಾನಾದ್ರೂ ಅವನ ಉಂಡೆ ಅವ್ನೇ ತಿಂದ್ನಾ? ಇವಳು ಮುಂಚೆ ಕುಡೀತಾಳೆ" ಅಂದು ಎರಡೂ ಲೋಟ ಖಾಲಿ ಮಾಡಿದ.

ಇಪ್ಪತ್ತೊಂದು ದಿನ ಅದು ತಪ್ಪಲಿಲ್ಲ. ಸೋಮಮ್ಮನಿಗೆ ಚಳಿಜ್ವರ ಬಂದ ದಿನವೂ ಕಂಬಳಿ ಹೊದ್ದು ಬಂದಳು. ದಿನಾ ಓಮ ದೊಡ್ಡಪತ್ರೆ ಕುಡಿದು ಅವಳ ಬಾಯಿಯೇ ಬೆಂದು ಹುಣ್ಣಾಯಿತು. ಮೊದಲ ದಿನಗಳಲ್ಲಿ ಜನ ತಮಾಷೆ ನೋಡಿದರು, ಆಮೇಲೆ ನೋಡುವುದನ್ನೂ ಬಿಟ್ಟರು. ಏಳನೇ ದಿನಕ್ಕೆ ಲೋಕೇಶನ ಹೊಟ್ಟೆಯ ಬಿಗಿತ ಇಳಿಯಿತು. ಹದಿಮೂರಕ್ಕೆ ನಾಲಿಗೆ ಕೆಂಪು ತಿರುಗಿತು. ಇಪ್ಪತ್ತರ ದಿನ ಒಂದು ಮುದ್ದೆ ಉಂಡು ದಕ್ಕಿಸಿಕೊಂಡ. ಡಾಕ್ಟರ ಹತ್ತಿರ ಮತ್ತೆ ತೋರಿಸಿ ಬಂದ. ಗುಣವಾಗಿದೆ, ಇನ್ನೂ ಒಂದು ತಿಂಗಳು ಸಿಹಿ ಮುಟ್ಟಬೇಡ ಅಂದರಂತೆ. ಅವನನ್ನು ಬದುಕಿಸಿದ್ದು ಮಾತ್ರೆಯೋ ಮಜ್ಜಿಗೆಯೋ ಬೆಲ್ಲ ಬಿಟ್ಟದ್ದೋ ಅಂತ ಕೇಳಿದರೆ ಸೋಮಮ್ಮ, "ಮೂರೂ ಸೇರಿ ಕಣ್ಲಾ, ಅದನ್ನ ತಗೊಂಡು ನೀನೇನು ಮಾಡೀಯೆ" ಅನ್ನುತ್ತಿದ್ದಳು.

ಇನ್ನು ತನ್ನ ಹೆಸರು ತೊಳೆದುಹೋಯಿತು ಅಂತ ಅವಳು ತಿಳಿದಳು. ಇಪ್ಪತ್ತೆರಡನೇ ದಿನ ಬರೀ ಹಾಲಿನ ಕ್ಯಾನು ಹಿಡಿದು, ತಲೆ ಎತ್ತಿಕೊಂಡು ಸಾಲಿಗೆ ಬಂದಳು. ಅವಳ ಹಿಂದೆಯೇ ನಿಂತಿದ್ದ ಚಿಕ್ಕಬೋರಮ್ಮ ಯಾರನ್ನೂ ನೋಡದೆ, ಬಾಯಿ ಬಡಿದುಕೊಳ್ಳದೆ, ತಣ್ಣಗೆ ಹೇಳಿದಳು: "ಕುಳ್ಳಯ್ಯನ ಕೈಲಿ ಬರ್ಲಿಲ್ಲ. ಡಾಕ್ಟ್ರ ಕೈಲೇ ಆಯ್ತು ಅನ್ನಾಕಾಯ್ತದಾ? ಇಕ್ಕಿದೋಳೇ ತೆಗೆದ್ಲು. ಇಕ್ಕಿದ ಕೈಗೆ ತಾನೆ ಗೊತ್ತು, ಎಲ್ಲಿ ಇಕ್ಕಿದ್ದೀನಿ ಅಂತ."

ಈ ಸಲವೂ ಜನ ತಲೆದೂಗಿದರು. ಅದು ಅವರಿಗೆ ಎಷ್ಟು ಸರಿಯಾಗಿ ಕೂಡಿ ಬಂತೆಂದರೆ, ತಮಗೆ ಮೊದಲೇ ಯಾಕೆ ಹೊಳೆಯಲಿಲ್ಲ ಅಂತ ಅವರೇ ಆಶ್ಚರ್ಯಪಟ್ಟರು. ಸೋಮಮ್ಮ ಬಯ್ದಳು. ಓರಗಿತ್ತಿಯ ಮೂರು ತಲೆಮಾರನ್ನೂ ಎತ್ತಿ ಬಯ್ದಳು. ಆದರೆ ಹುಣ್ಣಾದ ಬಾಯಿಗೆ ಮಾತು ಮೊದಲಿನಂತೆ ಹೊರಳಲಿಲ್ಲ. ವಾರ ಕಳೆದು ಒಬ್ಬಳು ಹೆಂಗಸು ಬಸ್ಸಿಳಿದು ಅವಳ ಬಾಗಿಲಿಗೆ ಬಂದಾಗ, ಕೊನೆಗೂ ಹೊಟ್ಟೆನೋವಿನವರು ಬಂದರು ಅಂತ ಸೋಮಮ್ಮ ನಾಲಿಗೆ ಚಾಚಲು ಹೇಳಿದಳು. ಬಂದವಳು ದನಿ ತಗ್ಗಿಸಿ, ನನ್ನ ನಾದಿನಿಗೆ ಇಕ್ಕಬೇಕು, ಒಂದಿಷ್ಟು ಕೊಡ್ತೀಯಾ ಅಂತ ಕೇಳಿದಳು. ಸೋಮಮ್ಮ ಪೊರಕೆ ತಗೊಂಡು ಬಸ್ ಸ್ಟ್ಯಾಂಡಿನವರೆಗೂ ಅವಳನ್ನು ಅಟ್ಟಿಸಿಕೊಂಡು ಹೋದಳು.

ಬೇಸಿಗೆಯ ಒಂದು ಮಧ್ಯಾಹ್ನ ಲೋಕೇಶ್ ಗೂಡ್ಸ್ ಆಟೋ ನಿಲ್ಲಿಸಿ ಒಳಗೆ ಬಂದ. ಮೈ ಕೈ ತುಂಬಿಕೊಂಡಿತ್ತು. ಕೈಯಲ್ಲಿ ಎಲೆ ಅಡಿಕೆ. ಎಷ್ಟೋ ತಿಂಗಳ ಮೇಲೆ ಆ ಮನೆಗೆ ಬಂದ ಮೊದಲ ಎಲೆ ಅಡಿಕೆ ಅದು. "ಅವ್ವನ ಮಾತು ತಲೆಗಾಕೋಬ್ಯಾಡ ಚಿಕ್ಕವ್ವ. ನಂಗೊತ್ತಿಲ್ವಾ? ನೀನಿಲ್ದಿದ್ರೆ ನಾನು ಮಣ್ಣಾಗೋಗ್ತಿದ್ದೆ" ಅಂದು ಅವಳ ಕಾಲು ಮುಟ್ಟಿದ.

ಸೋಮಮ್ಮನಿಗೆ ಊರು ಹಾಳಾಗಲಿ, ಇವನೊಬ್ಬನಿಗೆ ಗೊತ್ತಲ್ಲ, ಸಾಕು ಅನ್ನಿಸಿತು. ಬಯ್ಯುವುದನ್ನೂ ಮರೆತು ಒಳಗೆ ಹೋದಳು. ಆಗಷ್ಟೇ ಕಡೆದಿದ್ದ ಮಜ್ಜಿಗೆಗೆ ಉಪ್ಪು, ಕೊತ್ತಂಬರಿ ಸೊಪ್ಪು ಹಾಕಿ ದೊಡ್ಡ ಲೋಟದ ತುಂಬ ತಂದು ಕೊಟ್ಟಳು. ಓಮವಿಲ್ಲ, ಮೆಂತ್ಯವಿಲ್ಲ, ಬಿಸಿಲಲ್ಲಿ ಬಂದ ಮಗನಿಗೆ ಯಾವ ಮನೆಯಲ್ಲೂ ಕೊಡುವ ಮಜ್ಜಿಗೆ.

ಲೋಕೇಶ್ ಲೋಟ ತಗೊಂಡ. ಬಾಯಿಗೆ ಎತ್ತಲಿಲ್ಲ. ಒಂದು ಸಲ ಲೋಟ ನೋಡಿದ, ಒಂದು ಸಲ ಬಾಗಿಲ ಕಡೆ ನೋಡಿದ. ಆಮೇಲೆ ಅದನ್ನು ಅವಳ ಕಡೆಗೇ ಚಾಚಿ, ನಗಲು ನೋಡುತ್ತಾ ಅಂದ: "ನೀನು ಒಂದು ಗುಟುಕು ಕುಡಿದು ಕೊಡು ಚಿಕ್ಕವ್ವ. ಅದೇ ಅಭ್ಯಾಸ ಆಗೋಗದೆ."

ಸೋಮಮ್ಮ ಲೋಟ ಇಸಿದುಕೊಂಡು ಕುಡಿಯತೊಡಗಿದಳು. ಒಂದು ಗುಟುಕಿಗೆ ನಿಲ್ಲಿಸಲಿಲ್ಲ. ಕೊನೆಯ ಹನಿಯವರೆಗೆ ತಾನೇ ಕುಡಿದು, ಖಾಲಿ ಲೋಟವನ್ನು ಅವನ ಮುಂದೆ ಜಗಲಿಯ ಮೇಲೆ ಬೋರಲು ಹಾಕಿ, ಅವನು ತಂದ ಎಲೆ ಅಡಿಕೆಯನ್ನು ಅದರ ಮೇಲಿಟ್ಟಳು.

"ಕುಡಿದೆ ಕಣ್ಲಾ" ಅಂದಳು. "ಈಗ ಎದ್ದೋಗು."